ಪರ್ಮಿಷನ್ ಡಿನೈಡ್: ತಡೆದಿದ್ದು ಯಾವ ಬಾಗಿಲು ಅಂತ ಹುಡುಕೋದು ಹೇಗೆ

ರಾತ್ರಿ ಹನ್ನೊಂದರ ಮೇಲೆ ನನಗೆ ಫೋನ್ ಬಂತು ಅಂದ್ರೆ ಸಾಮಾನ್ಯವಾಗಿ ಎರಡೇ ಕಾರಣ. ಡಿಸ್ಕ್ ತುಂಬಿರುತ್ತದೆ, ಇಲ್ಲಾ ಯಾವುದೋ ಡೈರೆಕ್ಟರಿ ಒಳಗೆ ಹೋಗೋಕೆ ಸರ್ವರ್ ಬಿಡ್ತಾ ಇರೋದಿಲ್ಲ. ಮೊದಲನೆಯದು ಹೆಚ್ಚೂಕಮ್ಮಿ ಐದು ನಿಮಿಷದ ಕೆಲಸ. ಎರಡನೆಯದು ಹಾಗಲ್ಲ, ಯಾಕಂದ್ರೆ ನನಗೆ ಫೋನ್ ಮಾಡುವಷ್ಟರಲ್ಲಿ ಆ ಕಡೆಯವರು ಅದಕ್ಕೆ ನಾಲ್ಕೈದು ಮನೆಮದ್ದು ಮಾಡಿ ಮುಗಿಸಿರುತ್ತಾರೆ. ಆಮೇಲೆ ಮೂಲ ಕಾಯಿಲೆ ಯಾವುದು, ಮದ್ದಿನಿಂದ ಬಂದ ಕಾಯಿಲೆ ಯಾವುದು ಅಂತ ಬಿಡಿಸಿಕೊಂಡು ಕೂರಬೇಕು.

ಇಲ್ಲಿ ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಎಲ್‌ಎಸ್ ಮೈನಸ್ ಎಲ್‌ಡಿ ಅಂದರೆ ಹಾಗೇ ಟೈಪ್ ಮಾಡಿ. ಕ್ಯಾಪಿಟಲ್ ಅಕ್ಷರ ಬೇಕಾದ ಕಡೆ "ದೊಡ್ಡ" ಅಂತ ಹೇಳಿದ್ದೇನೆ, ಉಳಿದದ್ದೆಲ್ಲ ಚಿಕ್ಕ ಅಕ್ಷರ. ಸರ್ವರ್ ಲಿನಕ್ಸ್ ಅಂತ ಇಟ್ಟುಕೊಂಡಿದ್ದೇನೆ.

ಮೊದಲು ಮೆಸೇಜ್ ಪೂರ್ತಿ ಓದಿ

"ಏನೋ ಪರ್ಮಿಷನ್ ಎರರ್ ಬರ್ತಿದೆ ಸಾರ್" ಅಂತಾರೆ. ಏನೋ ಅಂದ್ರೆ ಏನು? ಓದಿ ಹೇಳಪ್ಪಾ ಅಂದ್ರೆ ಅರ್ಧ ಸಲ ಅದು ಪರ್ಮಿಷನ್ ಎರರ್ ಆಗಿರೋದೇ ಇಲ್ಲ.

"ಪರ್ಮಿಷನ್ ಡಿನೈಡ್" ಬೇರೆ, "ಆಪರೇಷನ್ ನಾಟ್ ಪರ್ಮಿಟೆಡ್" ಬೇರೆ. ಕೇಳೋಕೆ ಎರಡೂ ಒಂದೇ ಥರ, ಆದರೆ ಕರ್ನಲ್ ಒಳಗೆ ಮೊದಲನೆಯದಕ್ಕೆ ನಂಬರ್ 13, ಎರಡನೆಯದಕ್ಕೆ ನಂಬರ್ 1. 13 ಬಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಮಗೆ ಆರ್ (ಓದುವ), ಡಬ್ಲ್ಯೂ (ಬರೆಯುವ), ಎಕ್ಸ್ (ದಾಟುವ ಅಥವಾ ಓಡಿಸುವ) ಹಕ್ಕುಗಳಲ್ಲಿ ಯಾವುದೋ ಇಲ್ಲ, ಅಥವಾ ಸೆಕ್ಯೂರಿಟಿ ಪಾಲಿಸಿ ತಡೆದಿದೆ. 1 ಬಂದರೆ ಆ ಅಕ್ಷರಗಳನ್ನು ನೋಡಿ ಉಪಯೋಗ ಕಡಿಮೆ. ನೀವು ಮಾಡ ಹೊರಟ ಕೆಲಸವೇ ನಿಮಗೆ ಸಲ್ಲದ್ದು, ಇಲ್ಲಾ ಆ ಡೈರೆಕ್ಟರಿಗೆ ಬೀಗ ಬೇರೆ ಥರದಲ್ಲಿ ಬಿದ್ದಿದೆ. "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ನಂಬರ್ 2. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್‌ನ ಲಾಗ್‌ನಲ್ಲಿ ಈ ನಂಬರ್ ಬ್ರಾಕೆಟ್ ಒಳಗೆ ಬಂದಿರುತ್ತದೆ. ಬ್ರೌಸರ್‌ನಲ್ಲಿ 403 (ಪ್ರವೇಶ ಇಲ್ಲ) ಇಲ್ಲಾ 404 (ಸಿಗಲಿಲ್ಲ) ಕಂಡ ತಕ್ಷಣ ಎರರ್ ಲಾಗ್ ತೆಗೆದು 13 ಇದೆಯಾ 2 ಇದೆಯಾ ನೋಡಿ. ಮುಂದೆ ಎಡಕ್ಕೋ ಬಲಕ್ಕೋ ಅನ್ನೋದು ಅಲ್ಲೇ ತೀರ್ಮಾನ ಆಗುತ್ತದೆ.

ಕೇಳ್ತಾ ಇರೋದು ಯಾರು?

ಎರಡನೇ ಪ್ರಶ್ನೆ ಇದು. ನೀವು ಡಿಪ್ಲಾಯ್ ಅನ್ನೋ ಯೂಸರ್ ಆಗಿ ಲಾಗಿನ್ ಆಗಿ, ಸಿಡಿ ಮಾಡಿ ಒಳಗೆ ಹೋಗಿ, "ನನಗೆ ಸರಿಯಾಗೇ ತೆರೀತಿದೆಯಲ್ಲ" ಅಂತೀರಿ. ತೆರೀಲೇಬೇಕು, ಅದು ನಿಮ್ಮದೇ ಫೋಲ್ಡರ್. ಆದರೆ ಅದನ್ನು ಓದಬೇಕಾಗಿರೋದು ವೆಬ್ ಸರ್ವರ್. ಉಬುಂಟು, ಡೆಬಿಯನ್‌ನಲ್ಲಿ ಅದರ ಯೂಸರ್ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ರೆಡ್ ಹ್ಯಾಟ್ ಕಡೆಯವುಗಳಲ್ಲಿ ಅಪಾಚೆಗೆ ಅಪಾಚೆ, ಎಂಜಿನ್‌ಎಕ್ಸ್‌ಗೆ ಎಂಜಿನ್‌ಎಕ್ಸ್ ಅಂತಲೇ ಇರುತ್ತದೆ. ಪಿಎಸ್ ಎಯುಎಕ್ಸ್ ಮಾಡಿದರೆ ಮೊದಲ ಕಾಲಮ್ಮಿನಲ್ಲಿ ಯಾರ ಹೆಸರಿನಲ್ಲಿ ಓಡ್ತಿದೆ ಅಂತ ಬರುತ್ತದೆ.

ಅದು ಗೊತ್ತಾದ ಮೇಲೆ ಆ ಯೂಸರ್‌ನ ವೇಷ ಹಾಕಿ ನೋಡಿ. ಸುಡೋ ಮೈನಸ್ ಯು, ಆ ಯೂಸರ್ ಹೆಸರು, ಆಮೇಲೆ ಎಲ್‌ಎಸ್ ಮೈನಸ್ ಎಲ್ ಮತ್ತು ಪೂರ್ತಿ ದಾರಿ. ಸುಮ್ನೆ ಸುಡೋ ಎಲ್‌ಎಸ್ ಮಾಡಿದರೆ ರೂಟ್ ಆಗಿ, ಅಂದರೆ ಸರ್ವರ್‌ನ ಯಜಮಾನ ಯೂಸರ್ ಆಗಿ, ನೋಡಿದ ಹಾಗೆ. ರೂಟ್‌ಗೆ ಹೆಚ್ಚಿನ ಬಾಗಿಲುಗಳು ಬಾಗಿಲೇ ಅಲ್ಲ, ಹಾಗಾಗಿ ಏನೂ ತಿಳಿಯೋದಿಲ್ಲ. ಅಂದ ಹಾಗೆ, ಸುಡೋ ಸಿಡಿ ಅಂತ ಟೈಪ್ ಮಾಡಿ "ಕಮಾಂಡ್ ನಾಟ್ ಫೌಂಡ್" ಬಂತು ಅಂತ ಗಾಬರಿ ಆಗಬೇಡಿ. ಸಿಡಿ ಅನ್ನೋದು ಶೆಲ್‌ನ ಒಳಗಿನದು, ಸುಡೋಗೆ ಅದು ಸಿಗೋದೇ ಇಲ್ಲ.

ಗ್ರೂಪಿಗೆ ಸೇರಿಸಿದೆ, ಆದರೂ ಆಗ್ತಿಲ್ಲ ಅನ್ನೋದು ದಿನಾ ಇರೋ ಗೋಳು. ಲಾಗಿನ್ ಆಗುವಾಗ ಯಾವ ಗ್ರೂಪ್‌ಗಳು ಇದ್ದವೋ ಅವೇ ಆ ಸೆಶನ್‌ಗೆ ಕೊನೆವರೆಗೂ. ಹೊಸದಾಗಿ ಸೇರಿಸಿದ್ದು ಕಾಣಬೇಕಾದರೆ ಹೊರಗೆ ಹೋಗಿ ಮತ್ತೆ ಲಾಗಿನ್ ಆಗಬೇಕು. ಸರ್ವೀಸ್ ಆದರೆ ರೀಸ್ಟಾರ್ಟ್ ಮಾಡಬೇಕು. ಐಡಿ ಅಂತ ಬರೀ ಎರಡು ಅಕ್ಷರ ಹೊಡೆದರೆ ಈ ಸೆಶನ್‌ನ ಗ್ರೂಪ್‌ಗಳು, ಐಡಿ ಮುಂದೆ ಹೆಸರು ಹಾಕಿದರೆ ಸಿಸ್ಟಮ್ ಫೈಲಿನಲ್ಲಿ ಇರೋ ಗ್ರೂಪ್‌ಗಳು ಬರುತ್ತವೆ. ಎರಡಕ್ಕೂ ತಾಳೆ ಆಗದಿದ್ದರೆ ಉತ್ತರ ಸಿಕ್ಕ ಹಾಗೆ. ಇನ್ನೊಂದು ಮಾತು, ಯೂಸರ್‌ಮಾಡ್‌ನಲ್ಲಿ ಮೈನಸ್ ಎ ದೊಡ್ಡ ಜಿ ಅಂತಲೇ ಹಾಕಿ. ಎ ಮರೆತು ಬರೀ ದೊಡ್ಡ ಜಿ ಹಾಕಿದರೆ ಹೊಸ ಗ್ರೂಪಿಗೆ ಸೇರಿಸಿ ಹಳೆಯ ಎಲ್ಲದರಿಂದ ಆಚೆ ಹಾಕುತ್ತದೆ. ಸುಡೋ ಗ್ರೂಪಿನಿಂದಲೂ! ನಾನು ಒಂದು ಸಲ ನನ್ನನ್ನೇ ಹಾಗೆ ಆಚೆ ಹಾಕಿಕೊಂಡಿದ್ದೇನೆ.

ದಾರಿಯ ಪ್ರತಿಯೊಂದು ಬಾಗಿಲು

ಈಗ ಮುಖ್ಯ ವಿಷಯ. ಮೆಸೇಜ್‌ನಲ್ಲಿ ಪೂರ್ತಿ ದಾರಿ ಬರುತ್ತದೆ, ಕೊನೆಯಲ್ಲಿ ನಿಮ್ಮ ಫೋಲ್ಡರ್ ಹೆಸರು ಇರುತ್ತದೆ. ಅದನ್ನು ನೋಡಿ ಎಲ್ಲರೂ ಆ ಕೊನೆಯ ಫೋಲ್ಡರ್‌ನ ಪರ್ಮಿಷನ್ ತಿದ್ದೋಕೆ ಶುರು ಮಾಡುತ್ತಾರೆ. ತಡೆದಿರೋದು ಹೆಚ್ಚಿನ ಸಲ ಅದಲ್ಲ. ವಠಾರದಲ್ಲಿ ನಿಮ್ಮ ಮನೆ ಬಾಗಿಲು ಹಾರು ಹೊಡೆದಿದ್ದರೂ ರಸ್ತೆ ಗೇಟಿಗೆ ಬೀಗ ಇದ್ದರೆ ನೆಂಟರು ಒಳಗೆ ಬರೋದು ಹೇಗೆ?

ಡೈರೆಕ್ಟರಿಗೆ ಆರ್ ಅಂದರೆ ಒಳಗಿರುವ ಹೆಸರುಗಳನ್ನು ಓದಬಹುದು, ಅಷ್ಟೇ. ಎಕ್ಸ್ ಅಂದರೆ ಅದನ್ನು ದಾಟಿ ಒಳಗೆ ಹೋಗಬಹುದು. ಡಬ್ಲ್ಯೂ ಅಂದರೆ ಒಳಗೆ ಹೊಸದನ್ನು ಮಾಡಬಹುದು, ಅಳಿಸಬಹುದು, ಆದರೆ ಜೊತೆಗೆ ಎಕ್ಸ್ ಇದ್ದರೆ ಮಾತ್ರ. ಇದರಿಂದ ತಮಾಷೆಯ ಸ್ಥಿತಿಗಳು ಬರುತ್ತವೆ. ಆರ್ ಇದ್ದು ಎಕ್ಸ್ ಇಲ್ಲದಿದ್ದರೆ ಎಲ್‌ಎಸ್ ಮೈನಸ್ ಎಲ್ ಮಾಡಿದಾಗ ಹೆಸರು ಕಾಣುತ್ತದೆ, ಅದರ ಹಿಂದೆ ಸೈಜು, ತಾರೀಖು ಬರಬೇಕಾದ ಕಡೆ ಬರೀ ಪ್ರಶ್ನೆ ಚಿಹ್ನೆಗಳ ಸಾಲು. ನೋಡಿದವರು ಡಿಸ್ಕ್ ಹೋಯಿತು ಅಂದುಕೊಳ್ಳುತ್ತಾರೆ. ಎಕ್ಸ್ ಇದ್ದು ಆರ್ ಇಲ್ಲದಿದ್ದರೆ ಎಲ್‌ಎಸ್ ಆಗೋದಿಲ್ಲ, ಆದರೆ ಒಳಗಿನ ಫೈಲಿನ ಹೆಸರು ಗೊತ್ತಿದ್ದರೆ ನೇರ ತೆರೆಯಬಹುದು. ಈ ಹಕ್ಕುಗಳನ್ನೇ 755 ಥರ ಮೂರು ಅಂಕಿಯಲ್ಲೂ ಬರೆಯುತ್ತಾರೆ, ಓನರ್‌ಗೆ ಒಂದು, ಗ್ರೂಪಿಗೆ ಒಂದು, ಉಳಿದವರಿಗೆ ಒಂದು. ಆರ್ ಅಂದರೆ 4, ಡಬ್ಲ್ಯೂ 2, ಎಕ್ಸ್ 1, ಇರೋದನ್ನು ಕೂಡಿಸಿದರೆ ಆ ಅಂಕಿ.

ಪ್ರತಿಯೊಂದು ಮೆಟ್ಟಿಲನ್ನೂ ಎಲ್‌ಎಸ್ ಮೈನಸ್ ಎಲ್‌ಡಿ ಅಂತ ಒಂದೊಂದಾಗಿ ನೋಡುವ ಬದಲು ನೇಮ್‌ಐ ಅಂತ ಒಂದು ಕಮಾಂಡ್ ಇದೆ. ಎನ್, ಎ, ಎಂ, ಇ, ಐ. ಹೆಚ್ಚು ಜನಕ್ಕೆ ಗೊತ್ತಿಲ್ಲ, ಹೆಚ್ಚೂಕಮ್ಮಿ ಎಲ್ಲ ಸರ್ವರ್‌ಗಳಲ್ಲೂ ಇರುತ್ತದೆ. ಸುಡೋ ನೇಮ್‌ಐ ಮೈನಸ್ ಎಲ್, ಆಮೇಲೆ ಪೂರ್ತಿ ದಾರಿ. ಸ್ಲ್ಯಾಶ್‌ನಿಂದ ಹಿಡಿದು ಕೊನೆಯವರೆಗೆ ಪ್ರತಿ ಮೆಟ್ಟಿಲಿನ ಪರ್ಮಿಷನ್, ಓನರ್, ಗ್ರೂಪ್ ಸಾಲಾಗಿ ಬರುತ್ತದೆ. ನಡುವೆ ಸಿಂಬಾಲಿಕ್ ಲಿಂಕ್ ಇದ್ದರೆ ಅದು ಎಲ್ಲಿಗೆ ಹೋಗುತ್ತದೆ ಅನ್ನೋದನ್ನೂ ಬಿಡಿಸಿ ತೋರಿಸುತ್ತದೆ.

ಮೊನ್ನೆ ಬಂದ ಒಂದು ಕೇಸ್ ಹೀಗಿತ್ತು. ಸೈಟ್ ಹಳೆಯ ಉಬುಂಟು 20.04 ಮೇಲೆ ವರ್ಷಗಟ್ಟಲೆ ಚೆನ್ನಾಗಿ ಓಡಿತ್ತು. ಹೊಸ ಸರ್ವರ್ 22.04. ಅದೇ ಫೈಲ್, ಅದೇ ಕಾನ್ಫಿಗ್, ಎಲ್ಲ ಹಾಗೇ ತಂದು ಇಟ್ಟರು. 403. ದಾರಿ /ಹೋಮ್/ಡಿಪ್ಲಾಯ್/ಸೈಟ್/ಅಪ್‌ಲೋಡ್ಸ್. ಹುಡುಗ ಅಪ್‌ಲೋಡ್ಸ್‌ಗೆ 755 ಕೊಟ್ಟ, ಆಮೇಲೆ 775 ಕೊಟ್ಟ, ಆಮೇಲೆ ಓನರ್ ಬದಲಾಯಿಸಿದ, ಎಂಜಿನ್‌ಎಕ್ಸ್ ಅನ್ನು ಮೂರು ಸಲ ರೀಸ್ಟಾರ್ಟ್ ಮಾಡಿದ. ನೇಮ್‌ಐ ಹೊಡೆಸಿದೆ. "ಸಾಲು ಸಾಲಾಗಿ ಓದಪ್ಪಾ" ಅಂದೆ.

"ಸ್ಲ್ಯಾಶ್ ಸರಿ ಇದೆ ಸಾರ್. ಹೋಮ್ ಸರಿ ಇದೆ. ಡಿಪ್ಲಾಯ್‌ನಲ್ಲಿ ಡಿ, ಆರ್‌ಡಬ್ಲ್ಯೂಎಕ್ಸ್, ಆರ್ ಮೈನಸ್ ಎಕ್ಸ್, ಮೈನಸ್ ಮೈನಸ್ ಮೈನಸ್..."

"ಅಲ್ಲೇ ನಿಲ್ಲು."

ಅದೇ ಗೇಟು. 750. ಉಬುಂಟು 21.04 ರಿಂದ ಹೊಸದಾಗಿ ಮಾಡಿದ ಯೂಸರ್‌ನ ಹೋಮ್ ಡೈರೆಕ್ಟರಿ 750 ಆಗಿಯೇ ಹುಟ್ಟುತ್ತದೆ. ಮೊದಲು 755 ಇತ್ತು. ಹಾಗಾಗಿ ಹಳೆಯದರಲ್ಲಿ ವೆಬ್ ಸರ್ವರ್ ಹೋಮ್ ದಾಟಿ ಒಳಗೆ ಹೋಗುತ್ತಿತ್ತು, ಹೊಸದರಲ್ಲಿ ಹೊಸಿಲಿನಲ್ಲೇ ನಿಂತಿದೆ. ಒಳಗೆ ಎಷ್ಟು 775 ಕೊಟ್ಟರೂ ಅದಕ್ಕೆ ತಿಳಿಯೋದೇ ಇಲ್ಲ. ರೆಡ್ ಹ್ಯಾಟ್ ಕಡೆಯ ಸಿಸ್ಟಮ್‌ಗಳಲ್ಲಂತೂ ಹೋಮ್ ಮೊದಲಿನಿಂದಲೂ 700.

ಸರಿ ಮಾಡೋಕೆ ಮೂರು ದಾರಿ. ವೆಬ್ ಸರ್ವರ್‌ನ ಯೂಸರ್ ಅನ್ನು ಡಿಪ್ಲಾಯ್ ಗ್ರೂಪಿಗೆ ಸೇರಿಸಬಹುದು. ಇದು ಸುಲಭ, ಆದರೆ ಗ್ರೂಪಿಗೆ ತೆರೆದಿರೋ ಉಳಿದದ್ದೆಲ್ಲ ಅದಕ್ಕೆ ಸಿಕ್ಕಿಬಿಡುತ್ತದೆ. ಅಥವಾ ಆ ಒಬ್ಬ ಯೂಸರ್‌ಗೆ ಮಾತ್ರ ದಾಟುವ ಹಕ್ಕು ಕೊಡಬಹುದು, ಹೀಗೆ ಹೆಸರು ಹಿಡಿದು ಕೊಡುವ ಹಕ್ಕಿನ ಪಟ್ಟಿಗೆ ಎಸಿಎಲ್ ಅಂತಾರೆ. ಸೆಟ್‌ಎಫ್‌ಎಸಿಎಲ್ ಮೈನಸ್ ಎಂ, ಯು ಕೋಲನ್ ಯೂಸರ್ ಹೆಸರು ಕೋಲನ್ ಎಕ್ಸ್, ಆಮೇಲೆ /ಹೋಮ್/ಡಿಪ್ಲಾಯ್. ಆಗ ಅದು ಒಳಗೆ ದಾಟುತ್ತದೆ, ಹೋಮ್‌ನಲ್ಲಿ ಏನೇನಿದೆ ಅಂತ ಪಟ್ಟಿ ನೋಡೋಕೆ ಆಗೋದಿಲ್ಲ. ನನಗೆ ಕೇಳಿದರೆ ಸೈಟ್ ಅನ್ನು ಹೋಮ್‌ನಲ್ಲಿ ಇಡಲೇಬೇಡಿ. /ಎಸ್‌ಆರ್‌ವಿ ಅಥವಾ /ವಾರ್ ಕೆಳಗಿನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರೋದೇ ಅದಕ್ಕೆ. ಆದರೆ ರಾತ್ರಿ ಹನ್ನೆರಡಕ್ಕೆ ಸ್ಥಳಾಂತರ ಮಾಡೋಕೆ ಹೋಗಬೇಡಿ. ಆವತ್ತು ಎಸಿಎಲ್ ಹಾಕಿ ಮಲಗಿದೆವು.

ಆ ಮೂರು ಏಳು

777 ಬಗ್ಗೆ ಹೇಳದೆ ಇದು ಮುಗಿಯೋದಿಲ್ಲ. ಕೆಲವು ವರ್ಷದ ಹಿಂದೆ, ಹೆಸರು ಬೇಡ, ಒಂದು ಕಡೆ ಸೆಂಟ್‌ಒಎಸ್ 7 ಸರ್ವರ್. ಯಾವುದೋ ಒಂದು ಕ್ಯಾಶ್ ಫೋಲ್ಡರ್‌ನಲ್ಲಿ ಪರ್ಮಿಷನ್ ಡಿನೈಡ್. ಹುಡುಕುವ ತಾಳ್ಮೆ ಇಲ್ಲದೆ ಸಿಎಚ್‌ಮಾಡ್ ಮೈನಸ್ ದೊಡ್ಡ ಆರ್ 777 /ವಾರ್ ಅಂತ ಹೊಡೆದರು. ಕ್ಯಾಶ್ ಸರಿಹೋಯಿತು. ಹತ್ತು ನಿಮಿಷ ಎಲ್ಲರೂ ಖುಷಿ. ಆಮೇಲೆ ಹೊಸದಾಗಿ ಎಸ್‌ಎಸ್‌ಎಚ್ ಮಾಡೋಕೆ, ಅಂದರೆ ದೂರದಿಂದ ಲಾಗಿನ್ ಆಗೋಕೆ, ಹೋದರೆ ಸರ್ವರ್ ಒಳಗೇ ಬಿಡಲಿಲ್ಲ. ಯಾಕಂದ್ರೆ ಆ ಸಿಸ್ಟಮ್‌ನಲ್ಲಿ ಎಸ್‌ಎಸ್‌ಎಚ್ ಸರ್ವೀಸ್‌ಗೆ /ವಾರ್/ಎಂಪ್ಟಿ/ಎಸ್‌ಎಸ್‌ಎಚ್‌ಡಿ ಅಂತ ಒಂದು ಖಾಲಿ ಡೈರೆಕ್ಟರಿ ಬೇಕು. ಅದು ರೂಟ್‌ನದಾಗಿರಬೇಕು, ಬೇರೆ ಯಾರೂ ಅದರಲ್ಲಿ ಬರೆಯುವ ಹಾಗಿರಬಾರದು. ಎಲ್ಲರಿಗೂ ತೆರೆದಿದ್ದನ್ನು ಕಂಡರೆ ಅದು ಕೆಲಸವನ್ನೇ ಮಾಡೋದಿಲ್ಲ. ಜಾಸ್ತಿ ಪರ್ಮಿಷನ್ ಕೊಟ್ಟಿದ್ದಕ್ಕೇ ಬಾಗಿಲು ಮುಚ್ಚಿಕೊಂಡಿತು, ನೋಡಿ!

ಒಂದು ಪುಣ್ಯ, ಒಬ್ಬರ ಲ್ಯಾಪ್‌ಟಾಪಿನಲ್ಲಿ ಹಳೆಯ ಸೆಶನ್ ಒಂದು ತೆರೆದೇ ಇತ್ತು. ಅದರಲ್ಲಿ ರೂಟ್ ಆಗಿ ಆರ್‌ಪಿಎಂ ಮೈನಸ್ ಮೈನಸ್ ಸೆಟ್‌ಯುಜಿಐಡಿಎಸ್, ಆಮೇಲೆ ಮೈನಸ್ ಮೈನಸ್ ಸೆಟ್‌ಪರ್ಮ್ಸ್, ಇದೇ ಕ್ರಮದಲ್ಲಿ, ಮೈನಸ್ ಎ ಜೊತೆ ಓಡಿಸಿ ಪ್ಯಾಕೇಜ್‌ಗಳ ಫೈಲ್‌ಗಳನ್ನು ಮೂಲ ಸ್ಥಿತಿಗೆ ತಂದೆವು. ಮೊದಲು ಓನರ್, ಆಮೇಲೆ ಪರ್ಮಿಷನ್, ಯಾಕಂದ್ರೆ ಓನರ್ ಬದಲಾದಾಗ ಸೆಟ್‌ಯುಐಡಿ ಬಿಟ್ (ಪ್ರೋಗ್ರಾಮನ್ನು ಅದರ ಓನರ್ ಹೆಸರಿನಲ್ಲಿ ಓಡಿಸುವ ಗುರುತು) ಹಾರಿಹೋಗುತ್ತದೆ. ಪ್ಯಾಕೇಜ್‌ಗೆ ಸೇರದ ನಮ್ಮದೇ ಫೈಲ್‌ಗಳನ್ನು ಬೆಳಗಿನವರೆಗೆ ಕೈಯಲ್ಲಿ ಸರಿ ಮಾಡಿದೆವು. ಡೆಬಿಯನ್ ಕಡೆ ಈ ಸೌಕರ್ಯವೂ ಇಲ್ಲ. ಇದೇ ಕಾರಣಕ್ಕೆ ಪರ್ಮಿಷನ್ ಮುಟ್ಟುವಾಗ ಇನ್ನೊಂದು ಸೆಶನ್ ತೆರೆದಿಟ್ಟುಕೊಳ್ಳೋದು ನನಗೆ ಅಭ್ಯಾಸ ಆಗಿಹೋಗಿದೆ.

ಇಡೀ ಮರಕ್ಕೆ ಪರ್ಮಿಷನ್ ಕೊಡಲೇಬೇಕು ಅಂದರೆ ಸಿಎಚ್‌ಮಾಡ್ ಮೈನಸ್ ದೊಡ್ಡ ಆರ್, ಯು ಈಕ್ವಲ್ ಆರ್‌ಡಬ್ಲ್ಯೂ ದೊಡ್ಡ ಎಕ್ಸ್, ಕಾಮಾ, ಜಿಒ ಈಕ್ವಲ್ ಆರ್ ದೊಡ್ಡ ಎಕ್ಸ್ ಅಂತ ಕೊಡಿ. ದೊಡ್ಡ ಎಕ್ಸ್ ಡೈರೆಕ್ಟರಿಗಳಿಗೆ ಮಾತ್ರ ದಾಟುವ ಹಕ್ಕು ಕೊಡುತ್ತದೆ, ಸಾಮಾನ್ಯ ಫೈಲ್‌ಗಳನ್ನು ಸುಮ್ನೆ ಪ್ರೋಗ್ರಾಮ್ ಮಾಡಿಬಿಡೋದಿಲ್ಲ. ಮೊದಲೇ ಎಕ್ಸ್ ಇದ್ದ ಫೈಲಿಗೆ ಮಾತ್ರ ಎಕ್ಸ್ ಉಳಿಯುತ್ತದೆ.

ಎಲ್ಲ ಸರಿ ಇದೆ, ಆದರೂ ಇಲ್ಲ ಅಂತಿದೆ

ನೇಮ್‌ಐನಲ್ಲಿ ಎಲ್ಲ ಬಾಗಿಲೂ ತೆರೆದಿವೆ, ಆದರೂ 13. ಈಗ ಎಲ್‌ಎಸ್ ಮೈನಸ್ ಎಲ್‌ಡಿ ಮಾಡಿ ಪರ್ಮಿಷನ್ ಅಕ್ಷರಗಳ ಬಾಲ ನೋಡಿ. ಹತ್ತು ಅಕ್ಷರ ಆದ ಮೇಲೆ ಒಂದು ಪ್ಲಸ್ ಅಥವಾ ಒಂದು ಚುಕ್ಕೆ ಇದೆಯಾ?

ಪ್ಲಸ್ ಇದ್ದರೆ ಎಸಿಎಲ್ ಇದೆ. ಗೆಟ್‌ಎಫ್‌ಎಸಿಎಲ್ ಮಾಡಿ. ಇಲ್ಲಿ ಒಂದು ಮೋಸ ಇದೆ. ಎಸಿಎಲ್ ಇರುವ ಡೈರೆಕ್ಟರಿಗೆ ಯಾರಾದರೂ ಆಮೇಲೆ ಸಿಎಚ್‌ಮಾಡ್ 700 ಮಾಡಿದರು ಅಂತಿಟ್ಟುಕೊಳ್ಳಿ. ನಡುವಿನ ಸೊನ್ನೆ ಗ್ರೂಪಿಗೆ ಅಂತ ಅವರು ಅಂದುಕೊಂಡಿರುತ್ತಾರೆ, ಅದು ಹೋಗಿ ಕೂರೋದು ಮಾಸ್ಕ್ ಮೇಲೆ, ಅಂದರೆ ಹೆಸರು ಹಿಡಿದು ಕೊಟ್ಟ ಹಕ್ಕುಗಳಿಗೆ ಇರುವ ಮೇಲ್ಮಿತಿಯ ಮೇಲೆ. ನೀವು ಹೆಸರು ಹಿಡಿದು ಕೊಟ್ಟಿದ್ದ ಹಕ್ಕು ಪಟ್ಟಿಯಲ್ಲಿ ಹಾಗೇ ಇರುತ್ತದೆ, ಪಕ್ಕದಲ್ಲಿ "ಎಫೆಕ್ಟಿವ್" ಅಂತ ಬರೆದು ಮೂರು ಅಡ್ಡಗೆರೆ. ಅಂದರೆ ರೇಷನ್ ಕಾರ್ಡಿನಲ್ಲಿ ಹೆಸರಿದೆ, ಅಕ್ಕಿ ಇಲ್ಲ. ಮೇಲೆ ಹೇಳಿದ ಹೋಮ್ ಫೋಲ್ಡರ್ ಕೇಸ್ ಎರಡು ವಾರಕ್ಕೆ ಮತ್ತೆ ಬಂತು, ಇದೇ ಕಾರಣಕ್ಕೆ. ಯಾರೋ ಸೆಕ್ಯೂರಿಟಿಗೆ ಅಂತ 700 ಮಾಡಿದ್ದರು.

ಚುಕ್ಕೆ ಇದ್ದರೆ ಎಸ್‌ಇಲಿನಕ್ಸ್ ಅನ್ನೋ ಸೆಕ್ಯೂರಿಟಿ ಪಾಲಿಸಿ ವ್ಯವಸ್ಥೆಯ ಲೇಬಲ್ ಇದೆ ಅಂತ. ರೆಡ್ ಹ್ಯಾಟ್ ಬಳಗದ ಎಲ್ಲ ಕಡೆ ಚುಕ್ಕೆ ಇರುತ್ತದೆ, ಹಾಗಾಗಿ ಚುಕ್ಕೆಯೇ ತಪ್ಪು ಅಲ್ಲ. ಗೆಟ್‌ಎನ್‌ಫೋರ್ಸ್ ಹೊಡೆದು ಎನ್‌ಫೋರ್ಸಿಂಗ್ ಬಂದರೆ ಎಲ್‌ಎಸ್ ಮೈನಸ್ ಎಲ್‌ಡಿ ದೊಡ್ಡ ಝಡ್ ಮಾಡಿ. ಸಾಮಾನ್ಯ ಕಥೆ ಇದು: ಫೈಲ್‌ಗಳನ್ನು ಮೊದಲು ಹೋಮ್‌ಗೆ ಅಪ್‌ಲೋಡ್ ಮಾಡಿ, ಅಲ್ಲಿಂದ ಎಂವಿ ಮಾಡಿ ವೆಬ್ ಫೋಲ್ಡರಿಗೆ ಹಾಕುತ್ತಾರೆ. ಎಂವಿ ಮಾಡಿದಾಗ ಲೇಬಲ್ ಹಳೆಯದೇ ಉಳಿಯುತ್ತದೆ, ಸಿಪಿ ಮಾಡಿದರೆ ಹೊಸ ಜಾಗದ ಲೇಬಲ್ ಸಿಗುತ್ತದೆ. ಮನೆ ಬದಲಾಯಿಸಿದರೂ ಆಧಾರ್‌ನಲ್ಲಿ ಹಳೆಯ ವಿಳಾಸ ಇದ್ದ ಹಾಗೆ. ರಿಸ್ಟೋರ್‌ಕಾನ್ ಮೈನಸ್ ದೊಡ್ಡ ಆರ್ ವಿ ಮತ್ತು ದಾರಿ ಕೊಟ್ಟರೆ ಸರಿಹೋಗುತ್ತದೆ. ಆದರೆ ನಿಮ್ಮದೇ ಹೊಸ ದಾರಿ, ಉದಾಹರಣೆಗೆ /ಎಸ್‌ಆರ್‌ವಿ ಕೆಳಗೆ ಫೋಟೋಸ್ ಅಂತ ಮಾಡಿಕೊಂಡಿದ್ದರೆ, ಅಲ್ಲಿಗೆ ಯಾವ ಲೇಬಲ್ ಬೇಕು ಅಂತ ಮೊದಲು ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಲ್ಲಿ ಹೇಳಬೇಕು, ಆಮೇಲೆ ರಿಸ್ಟೋರ್‌ಕಾನ್. ನಿಜವಾಗಲೂ ಇದೇ ತಡೆದಿದ್ದಾ ಅಂತ ಖಚಿತ ಮಾಡಿಕೊಳ್ಳೋಕೆ ಎಯುಸರ್ಚ್ ಮೈನಸ್ ಎಂ ಎವಿಸಿ ಮೈನಸ್ ಟಿಎಸ್ ರೀಸೆಂಟ್. ಅದರಲ್ಲಿ ಯಾರು, ಏನನ್ನು, ಯಾವ ಲೇಬಲ್‌ನಲ್ಲಿ ಕೇಳಿದರು ಅಂತ ಬರುತ್ತದೆ. ಎಸ್‌ಇಲಿನಕ್ಸ್ ಅನ್ನೇ ಪೂರ್ತಿ ಆಫ್ ಮಾಡಿ ಅಂತ ಸಲಹೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ. ಪರೀಕ್ಷೆಗೆ ಅಂತ ಸೆಟ್‌ಎನ್‌ಫೋರ್ಸ್ 0 ಮಾಡಿ ಒಂದು ನಿಮಿಷ ನೋಡಿ, ಮತ್ತೆ 1 ಮಾಡಿ. ಅಷ್ಟು ಸಾಕು.

ಉಬುಂಟುನಲ್ಲಿ ಈ ಕೆಲಸ ಆಪ್‌ಆರ್ಮರ್‌ನದು. ಮೈಎಸ್‌ಕ್ಯೂಎಲ್ ಡೇಟಾವನ್ನು ಹೊಸ ಡಿಸ್ಕಿಗೆ ಹಾಕಿ, ಓನರ್ ಎಲ್ಲ ಸರಿಯಾಗಿ ಕೊಟ್ಟರೂ 13 ಬಂದರೆ ಮೊದಲ ಅನುಮಾನ ಇದರ ಮೇಲೆ. ಜರ್ನಲ್‌ಸಿಟಿಎಲ್ ಮೈನಸ್ ಕೆ ಮಾಡಿ ಅದರಲ್ಲಿ ದೊಡ್ಡ ಅಕ್ಷರದ ಡಿನೈಡ್ ಹುಡುಕಿ. ಹೊಸ ದಾರಿಯನ್ನು ಪ್ರೊಫೈಲ್‌ಗೆ ಹೇಳಿಕೊಟ್ಟರೆ ಮುಗಿಯಿತು.

ಇನ್ನೊಂದು ಸುಳಿವು. ಸುಡೋ ಮೈನಸ್ ಯು ಹಾಕಿ ಅದೇ ಯೂಸರ್ ಆಗಿ ನೋಡಿದರೆ ಸರಿಯಾಗಿ ತೆರೆಯುತ್ತದೆ, ಸರ್ವೀಸ್ ಆಗಿ ಓಡಿದಾಗ ಮಾತ್ರ ಆಗೋದಿಲ್ಲ ಅಂದರೆ, ಎಸ್‌ಇಲಿನಕ್ಸ್ ಬಿಟ್ಟರೆ ಸರ್ವೀಸ್‌ಗಳನ್ನು ಓಡಿಸುವ ಸಿಸ್ಟಮ್‌ಡಿ ಮೇಲೆ ಕಣ್ಣು ಹಾಕಿ. ಸಿಸ್ಟಮ್‌ಸಿಟಿಎಲ್ ಕ್ಯಾಟ್ ಮತ್ತು ಸರ್ವೀಸ್ ಹೆಸರು. ಅದರಲ್ಲಿ ಪ್ರೊಟೆಕ್ಟ್‌ಹೋಮ್ ಟ್ರೂ ಅಂತ ಇದ್ದರೆ ಆ ಸರ್ವೀಸ್ ಕಣ್ಣಿಗೆ ಹೋಮ್ ಖಾಲಿ, ಒಳಗೆ ಹೋಗೋಕೂ ಬಿಡೋದಿಲ್ಲ. ಮರಿಯಾಡಿಬಿಯ ಸರ್ವೀಸ್ ಫೈಲಿನಲ್ಲಿ ಇದು ಮೊದಲೇ ಇರುತ್ತದೆ. ಹೋಮ್‌ನಲ್ಲಿರುವ ಡಂಪ್ ಫೈಲನ್ನು ಅದಕ್ಕೆ ಓದೋಕೆ ಹೇಳಿ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ. ಪ್ರೈವೇಟ್‌ಟೆಂಪ್ ಇದ್ದರೆ ನೀವು ನೋಡುವ /ಟಿಎಂಪಿ ಬೇರೆ, ಅದು ನೋಡುವ /ಟಿಎಂಪಿ ಬೇರೆ.

ರೂಟ್‌ಗೂ ಇಲ್ಲ ಅಂದರೆ

ರೂಟ್ ಆಗಿದ್ದೂ ಆಪರೇಷನ್ ನಾಟ್ ಪರ್ಮಿಟೆಡ್ ಬಂದರೆ ಎಲ್‌ಎಸ್‌ಎಟಿಟಿಆರ್ ಮೈನಸ್ ಡಿ ಹೊಡೆಯಿರಿ. ಅಡ್ಡಗೆರೆಗಳ ನಡುವೆ ಒಂದು ಐ ಕಂಡರೆ ಯಾರೋ ಡೈರೆಕ್ಟರಿಯನ್ನು ಬದಲಾಗದ ಹಾಗೆ ಮಾಡಿದ್ದಾರೆ. ಸಿಎಚ್‌ಎಟಿಟಿಆರ್ ಮೈನಸ್ ಐ ಮಾಡಿದರೆ ತೆಗೆಯಬಹುದು. ತೆಗೆಯುವ ಮೊದಲು ಯಾಕೆ ಹಾಕಿದ್ದರು ಅಂತ ಒಂದು ಮಾತು ಕೇಳಿ. ಯಾರೂ ಹಾಕಿಲ್ಲ ಅಂದರೆ ಹೆದರಿಕೊಳ್ಳಿ, ಕಳ್ಳರು ತಮ್ಮ ಫೈಲ್‌ಗಳನ್ನು ಯಾರೂ ಅಳಿಸದಿರಲಿ ಅಂತ ಇದನ್ನೇ ಹಾಕುತ್ತಾರೆ.

ಡೈರೆಕ್ಟರಿ ಎನ್‌ಎಫ್‌ಎಸ್ ಮೇಲೆ ಬೇರೆ ಸರ್ವರ್‌ನಿಂದ ಬಂದಿದ್ದರೆ ರೂಟ್‌ಗೆ ಅಲ್ಲಿ ಬೆಲೆ ಇಲ್ಲ. ರೂಟ್ ಸ್ಕ್ವಾಶ್ ಅನ್ನೋದು ಮೊದಲಿನಿಂದಲೇ ಆನ್ ಇರುತ್ತದೆ, ಹಾಗಾಗಿ ಇಲ್ಲಿನ ರೂಟ್ ಅಲ್ಲಿ ನೋಬಡಿ. ನೋಬಡಿಗೆ 700 ಫೋಲ್ಡರ್ ಯಾರು ತೆರೀತಾರೆ? ಫೋಲ್ಡರ್‌ನ ಓನರ್ ಯೂಸರ್ ಆಗಿ ಸುಡೋ ಮೈನಸ್ ಯು ಮಾಡಿ ನೋಡಿ, ತೆರೆಯುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದ ಫೋಲ್ಡರ್ ಕೂರಿಸುವ ಎಸ್‌ಎಸ್‌ಎಚ್‌ಎಫ್‌ಎಸ್ ಥರದ್ದನ್ನು ಬೇರೆ ಯೂಸರ್ ಮೌಂಟ್ ಮಾಡಿದ್ದರೂ ಹೀಗೇ, ಅಲೋ ಅದರ್ ಅನ್ನೋ ಆಪ್ಷನ್ ಕೊಟ್ಟಿಲ್ಲದಿದ್ದರೆ ರೂಟ್‌ಗೂ ಒಳಗೆ ಪ್ರವೇಶ ಇಲ್ಲ.

ಎಲ್‌ಎಸ್‌ನಲ್ಲಿ ಓನರ್ ಹೆಸರಿನ ಬದಲು 500, 501 ಅಂತ ನಂಬರ್ ಕಂಡರೆ ಅದು ಹಳೆಯ ಸರ್ವರ್‌ನ ನೆನಪು. ರೆಡ್ ಹ್ಯಾಟ್ 6 ರವರೆಗೆ ಯೂಸರ್ ನಂಬರ್ 500 ರಿಂದ ಶುರುವಾಗುತ್ತಿತ್ತು, 7 ರಿಂದ 1000. ಡೇಟಾ ಜೊತೆ ನಂಬರ್ ಬಂದಿದೆ, ಆ ನಂಬರಿನ ಮನುಷ್ಯ ಬಂದಿಲ್ಲ. ಸಿಎಚ್‌ಓನ್ ಮಾಡಿ.

ಕಣ್ಣೆದುರೇ ಇದೆ, ಆದರೆ ಇಲ್ಲವಂತೆ

ನೋ ಸಚ್ ಫೈಲ್ ಆರ್ ಡೈರೆಕ್ಟರಿ. ಎಲ್‌ಎಸ್‌ನಲ್ಲಿ ಕಾಣುತ್ತಿದೆ, ಸಿಡಿ ಮಾಡಿದರೆ ಇಲ್ಲ. ಚಿಕ್ಕ ದೊಡ್ಡ ಅಕ್ಷರದ ವ್ಯತ್ಯಾಸ, ಹೆಸರಿನಲ್ಲಿ ಸ್ಪೇಸ್, ಕೋಟ್ ಒಳಗೆ ಹಾಕಿದ ಟಿಲ್ಡ್, ಇವೆಲ್ಲ ಬೇಗ ಕಣ್ಣಿಗೆ ಬೀಳುತ್ತವೆ. ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟ್ ಆದರೆ ಸಾಲಿನ ಕೊನೆಗೆ ಕಾಣದ ಒಂದು ಅಕ್ಷರ ಅಂಟಿಕೊಂಡು ಬಂದಿರುತ್ತದೆ. ಆ ಸ್ಕ್ರಿಪ್ಟ್ ಎಂಕೆಡಿಐಆರ್ ಮಾಡಿದ್ದರೆ ಫೋಲ್ಡರ್ ಹೆಸರಿಗೂ ಆ ಬಾಲ ಸೇರಿರುತ್ತದೆ. ಕ್ಯಾಟ್ ಮೈನಸ್ ದೊಡ್ಡ ಎ ಮಾಡಿ ಸ್ಕ್ರಿಪ್ಟ್ ನೋಡಿ, ಸಾಲಿನ ಕೊನೆಗೆ ಟೋಪಿ ಮತ್ತು ಎಂ ಕಂಡರೆ ಅದೇ.

ನಮ್ಮವರಿಗೆ ಮಾತ್ರ ಬರುವ ಒಂದು ತೊಂದರೆ ಇದೆ. ಕನ್ನಡದಲ್ಲಿ ಇಟ್ಟ ಫೋಲ್ಡರ್ ಹೆಸರು. ಒಂದು ಕಡೆ ಲೆಕ್ಕದ ಫೈಲ್‌ಗಳನ್ನೆಲ್ಲ "ಬಿಲ್" ಅನ್ನೋ ಫೋಲ್ಡರ್‌ನಲ್ಲಿ ಇಟ್ಟಿದ್ದರು. ಕಂಪ್ಯೂಟರಿನಿಂದ ಕ್ಲಿಕ್ ಮಾಡಿದರೆ ತೆರೆಯುತ್ತದೆ. ಸರ್ವರ್‌ನಲ್ಲಿ ಬ್ಯಾಕಪ್ ಸ್ಕ್ರಿಪ್ಟ್ ಮಾತ್ರ ಅಂಥ ಡೈರೆಕ್ಟರಿ ಇಲ್ಲ ಅಂತಿತ್ತು. ನಾನೂ ಟೈಪ್ ಮಾಡಿ ನೋಡಿದೆ, ಇಲ್ಲ. ಟ್ಯಾಬ್ ಒತ್ತಿದೆ, ಇದೆ! ಅಕ್ಷರದಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ. ಆಗ ದೊಡ್ಡ ಎಲ್‌ಸಿ, ಅಂಡರ್‌ಸ್ಕೋರ್, ದೊಡ್ಡ ಆಲ್, ಈಕ್ವಲ್, ದೊಡ್ಡ ಸಿ ಅಂತ ಮುಂದೆ ಹಾಕಿ ಎಲ್‌ಎಸ್ ಮೈನಸ್ ಬಿ ಮಾಡಿದೆ. ಅದು ಹೆಸರನ್ನು ಬೈಟ್ ಬೈಟಾಗಿ ಬಿಡಿಸಿ ತೋರಿಸುತ್ತದೆ. ಬಿಲ್ ಅಂದರೆ ಬ, ಗುಡಿಸು, ಲ, ವಿರಾಮ, ಒಟ್ಟು ನಾಲ್ಕು ಕೋಡ್. ಯುಟಿಎಫ್-8 ನಲ್ಲಿ ಕನ್ನಡದ ಒಂದೊಂದು ಕೋಡ್‌ಗೆ ಮೂರು ಬೈಟ್, ಅಂದರೆ 12 ಇರಬೇಕು. ಅಲ್ಲಿ 15 ಇತ್ತು. ಕೊನೆಯ ಮೂರು 342, 200, 214. ಅದು ಜೀರೋ ವಿಡ್ತ್ ನಾನ್ ಜಾಯಿನರ್, ಒತ್ತಕ್ಷರ ಆಗದಂತೆ ನಾವು ನಡುವೆ ಹಾಕುವ ಕಾಣದ ಅಕ್ಷರ. ಟೈಪ್ ಮಾಡಿದವರ ಕೀಬೋರ್ಡ್ ಅದನ್ನು ಪದದ ಕೊನೆಗೂ ಹಾಕಿತ್ತು. ಸ್ಕ್ರಿಪ್ಟ್ ಬರೆದವರ ಕೀಬೋರ್ಡ್ ಹಾಕಿರಲಿಲ್ಲ.

ಅದರ ತಮ್ಮ ಇನ್ನೊಬ್ಬ ಇದ್ದಾನೆ. "ಫೋಟೋ" ಅಂತ ಹೆಸರಿಟ್ಟರೆ ನಮ್ಮ ಲೆಕ್ಕದಲ್ಲಿ 12 ಬೈಟ್. ಆದರೆ ಓತ್ವದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು. ಅಲ್ಲಿಂದ ಬಂದ ಫೋಟೋ 24 ಬೈಟ್. ಕಣ್ಣಿಗೆ ಒಂದೇ, ಲಿನಕ್ಸ್‌ಗೆ ಎರಡು ಬೇರೆ ಬೇರೆ ಹೆಸರು, ಒಂದೇ ಕಡೆ ಎರಡು ಫೋಟೋ ಫೋಲ್ಡರ್ ಪಕ್ಕ ಪಕ್ಕದಲ್ಲಿ ಇರಬಹುದು. ಕಾನ್ವ್‌ಎಂವಿ ಅಂತ ಒಂದು ಸಾಧನ ಇದೆ, ಮೈನಸ್ ಮೈನಸ್ ಎನ್‌ಎಫ್‌ಸಿ ಕೊಟ್ಟರೆ ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ. ಮೊದಲು ಬರೀ ತೋರಿಸುತ್ತದೆ, ಮೈನಸ್ ಮೈನಸ್ ನೋಟೆಸ್ಟ್ ಅಂದರೆ ಮಾತ್ರ ನಿಜವಾಗಿ ಬದಲಾಯಿಸುತ್ತದೆ. ಒಂದೇ ಫೋಲ್ಡರ್ ಆದರೆ ಎಲ್‌ಎಸ್ ಮೈನಸ್ ಐನಲ್ಲಿ ಅದರ ಐನೋಡ್ ನಂಬರ್ (ಸಿಸ್ಟಮ್ ಒಳಗಿನ ಗುರುತಿನ ನಂಬರ್) ನೋಡಿ, ಫೈಂಡ್‌ನಲ್ಲಿ ಮೈನಸ್ ಐನಮ್ ಕೊಟ್ಟು ಎಂವಿ ಮಾಡಿ. ಉದ್ದದ ಹೆಸರು ಇಟ್ಟು "ಫೈಲ್ ನೇಮ್ ಟೂ ಲಾಂಗ್" ಬಂದರೂ ಇದೇ ಲೆಕ್ಕ. ಮಿತಿ 255 ಬೈಟ್, ಕನ್ನಡಕ್ಕೆ ಬಂದರೆ 85 ಕೋಡ್. ಒತ್ತಕ್ಷರ, ಗುಣಿತ ಎಲ್ಲ ಸೇರಿಸಿದರೆ ಅದು ಬೇಗ ತುಂಬುತ್ತದೆ.

ಹೆಸರು ಸರಿ, ಒಳಗೆ ಮಾತ್ರ ಖಾಲಿ ಅಂದರೆ ಫೈಂಡ್‌ಎಂಎನ್‌ಟಿ ಮೈನಸ್ ದೊಡ್ಡ ಟಿ ಮತ್ತು ದಾರಿ. ರೀಬೂಟ್ ಆದ ಮೇಲೆ ಡೇಟಾ ಡಿಸ್ಕ್ ಮೌಂಟ್ ಆಗಿರೋದಿಲ್ಲ, ನೀವು ನೋಡ್ತಾ ಇರೋದು ಅದನ್ನು ಕೂರಿಸುವ ಖಾಲಿ ಮಣೆ. ಅದರ ಮೇಲೆ ಬರೆಯೋದನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಡಿಸ್ಕ್ ಮೌಂಟ್ ಆದಾಗ ಈಗ ಬರೆದದ್ದು ಅಡಿಗೆ ಹೋಗಿ ಕಾಣದಾಗುತ್ತದೆ. ನೀವು ನಿಂತಿದ್ದ ಡೈರೆಕ್ಟರಿಯನ್ನು ಡಿಪ್ಲಾಯ್ ಸ್ಕ್ರಿಪ್ಟ್ ಅಳಿಸಿ ಅದೇ ಹೆಸರಿನಲ್ಲಿ ಹೊಸದು ಮಾಡಿದ್ದರೆ "ಗೆಟ್‌ಸಿಡಬ್ಲ್ಯೂಡಿ" ಅಂತ ಏನೋ ಬೈಗುಳ ಬರುತ್ತದೆ. ಸಿಡಿ ಮಾಡಿ ಹೊರಗೆ ಹೋಗಿ ಮತ್ತೆ ಒಳಗೆ ಬನ್ನಿ, ಅಷ್ಟೇ. ಎನ್‌ಎಫ್‌ಎಸ್‌ನಲ್ಲಿ ಇದೇ ಕಥೆಗೆ "ಸ್ಟೇಲ್ ಫೈಲ್ ಹ್ಯಾಂಡಲ್" ಅಂತ ಹೆಸರು. ಹೊರಗೆ ಹೋಗಿ ಬಂದರೂ ಆಗದಿದ್ದರೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಬೇಕು.

"ಇನ್‌ಪುಟ್/ಔಟ್‌ಪುಟ್ ಎರರ್" ಬಂದರೆ ಮಾತ್ರ ಮೇಲಿನದು ಯಾವುದೂ ಬೇಡ. ಡಿಎಂಇಎಸ್‌ಜಿ ಹೊಡೆದು ಕರ್ನಲ್ ಮೆಸೇಜ್ ನೋಡಿ. ಅಲ್ಲಿ ಡಿಸ್ಕಿನ ಹೆಸರು ಹಿಡಿದು ಎರರ್ ಬರುತ್ತಿದ್ದರೆ ಸಿಎಚ್‌ಮಾಡ್, ಎಫ್‌ಎಸ್‌ಸಿಕೆ ಯಾವುದನ್ನೂ ಮುಟ್ಟದೆ ಓದೋಕೆ ಬರುವಷ್ಟನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಇಷ್ಟೆಲ್ಲ ಆದರೂ ಸಿಗಲಿಲ್ಲ ಅಂದರೆ ಎಸ್‌ಟ್ರೇಸ್. ಎಸ್‌ಟ್ರೇಸ್ ಮೈನಸ್ ಎಫ್ ಮೈನಸ್ ಇ ಟ್ರೇಸ್ ಈಕ್ವಲ್ ಪರ್ಸೆಂಟ್ ಫೈಲ್, ಆಮೇಲೆ ನಿಮ್ಮ ಕಮಾಂಡ್. ಓಡುತ್ತಿರುವ ಸರ್ವೀಸ್ ಆದರೆ ಕಮಾಂಡ್ ಬದಲು ಮೈನಸ್ ಪಿ ಮತ್ತು ಪ್ರೋಸೆಸ್ ನಂಬರ್, ಸುಡೋ ಜೊತೆ. ಪ್ರೋಗ್ರಾಮ್ ಯಾವ ಯಾವ ದಾರಿ ಕೇಳಿತು, ಕರ್ನಲ್ ಏನು ಉತ್ತರ ಕೊಟ್ಟಿತು ಅಂತ ಸಾಲು ಸಾಲು ಸುರಿಯುತ್ತದೆ. ಇ-ನೋ-ಎಂಟ್, ಅಂದರೆ ಮೇಲೆ ಹೇಳಿದ ನಂಬರ್ 2, ಬೇಕಾದಷ್ಟು ಬರುತ್ತವೆ, ಪ್ರೋಗ್ರಾಮ್‌ಗಳು ಹತ್ತು ಕಡೆ ಹುಡುಕಿ ಹನ್ನೊಂದನೇ ಕಡೆ ಕಂಡುಕೊಳ್ಳುವ ಸ್ವಭಾವದವು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇ-ಆಕ್ಸೆಸ್, ಅಂದರೆ 13, ಇರೋ ಸಾಲು ಹುಡುಕಿ. ನೀವು ಮೂರು ಗಂಟೆಯಿಂದ ತಿದ್ದುತ್ತಾ ಇರೋ ಫೋಲ್ಡರ್ ಅಲ್ಲಿ ಇರೋದೇ ಇಲ್ಲ, ಪ್ರೋಗ್ರಾಮ್ ಕೇಳ್ತಿದ್ದದ್ದು ಕಾನ್ಫಿಗ್‌ನಲ್ಲಿ ಉಳಿದುಕೊಂಡಿದ್ದ ಹಳೆಯ ಸರ್ವರ್‌ನ ದಾರಿ ಆಗಿರುತ್ತದೆ. ನನಗೆ ಹೀಗೆ ಎರಡು ಸಲ ಆಗಿದೆ.